ಮೈಸೂರಿನಲ್ಲಿ ಸಲೂನ್ ನಡೆಸುವುದು: ಲೈಸೆನ್ಸ್‌ನಿಂದ ಬ್ಲೇಡಿನ ಡಬ್ಬದವರೆಗೆ

ಹೊಸದಾಗಿ ಸಲೂನ್ ಅಥವಾ ಪಾರ್ಲರ್ ತೆರೆಯುವವರು ಮೊದಲು ಕೇಳುವ ಪ್ರಶ್ನೆ, 'ಕಟಿಂಗ್ ಮಾಡೋಕೆ ಲೈಸೆನ್ಸ್ ಎಲ್ಲಿ ಕೊಡ್ತಾರೆ?' ಕರ್ನಾಟಕದಲ್ಲಿ ಕಟಿಂಗ್ ಮಾಡುವ ವ್ಯಕ್ತಿಗೆ ಲೈಸೆನ್ಸ್ ಎಂಬುದೇ ಇಲ್ಲ. ಲೈಸೆನ್ಸ್ ಇರುವುದು ಅಂಗಡಿಗೆ. ಅಮೆರಿಕದಲ್ಲಿ ಇದು ತಿರುವುಮುರುವು. ಅಲ್ಲಿ ಮಿನೆಸೋಟ ರಾಜ್ಯ 1897ರಲ್ಲೇ ಕ್ಷೌರಿಕರಿಗೆ ಲೈಸೆನ್ಸ್ ಕಾನೂನು ತಂದಿತು. ಈಗ ಒಂದೊಂದು ರಾಜ್ಯಕ್ಕೂ ಒಂದು ಬೋರ್ಡು. ಸಾವಿರ ಗಂಟೆಯೋ ಸಾವಿರದ ಐನೂರು ಗಂಟೆಯೋ ಕಲಿತು, ಪರೀಕ್ಷೆ ಪಾಸಾಗಿ, ಆಮೇಲೆ ಕತ್ತರಿ ಹಿಡಿಯಬೇಕು. ನಮ್ಮಲ್ಲಿ ಅಪ್ಪನ ಪಕ್ಕ ನಿಂತು ಕಲಿತವನೂ ಐಟಿಐನಲ್ಲಿ ಕಾಸ್ಮೆಟಾಲಜಿ ಓದಿದವಳೂ ಕಾನೂನಿನ ಕಣ್ಣಿಗೆ ಒಂದೇ.

ಇದರಿಂದ ಅನುಕೂಲವೂ ಇದೆ, ತೊಂದರೆಯೂ ಇದೆ. ಕಾಗದಪತ್ರ ಸರಿಯಾಗಿ ಜೋಡಿಸಿಕೊಂಡರೆ ಅಂಗಡಿ ತೆರೆಯುವುದು ಕಷ್ಟವಲ್ಲ. ಆದರೆ ಬ್ಲೇಡು, ಬಾಚಣಿಗೆ, ಡೈ, ಮಷೀನು ಹೇಗೆ ಬಳಸುತ್ತೀರಿ ಎಂದು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಬೋರ್ಡು ಇಲ್ಲಿಲ್ಲ. ಆ ಬೋರ್ಡಿನ ಕೆಲಸವನ್ನು ಮಾಲೀಕರೇ ಮಾಡಿಕೊಳ್ಳಬೇಕು. ಕಾಗದದ ಕೆಲಸ ಯಾವ ಕ್ರಮದಲ್ಲಿ ಮಾಡಿದರೆ ಸುಲಭ ಎಂಬುದನ್ನು ಮೊದಲು ಹೇಳಿ, ಶುಚಿತ್ವದ ವಿಚಾರಕ್ಕೆ ಆಮೇಲೆ ಬರುತ್ತೇನೆ. ನಿಜವಾದ ಕೆಲಸ ಇರುವುದು ಎರಡನೆಯದರಲ್ಲಿ.

ಕಾಗದಪತ್ರ

ಬಾಡಿಗೆ ಕರಾರಿನಿಂದ ಶುರು. ಹನ್ನೊಂದು ತಿಂಗಳ ಕರಾರು ಬರೆಸುವಾಗ ಟೈಪಿಸ್ಟ್ ಹತ್ತಿರ ಇರುವ ಸಿದ್ಧ ನಮೂನೆಯಲ್ಲಿ 'ವಾಣಿಜ್ಯ ಉದ್ದೇಶಕ್ಕೆ' ಎಂದಷ್ಟೇ ಇರುತ್ತದೆ. ಅದು ಸಾಲದು. 'ಕ್ಷೌರ, ಕೇಶಾಲಂಕಾರ, ಸೌಂದರ್ಯ ಸೇವೆ ಮತ್ತು ಸೌಂದರ್ಯ ಸಾಮಗ್ರಿ ಮಾರಾಟ' ಎಂದು ಪೂರ್ತಿ ಬರೆಸಿ. ಮುಂದೆ ಎಲ್ಲ ಅರ್ಜಿಯಲ್ಲೂ ಇದೇ ವಾಕ್ಯ ಬಳಸಿ. ಅಂಗಡಿಯ ಹೆಸರೂ ಕರಾರಿನಲ್ಲಿ ಬರಲಿ. ಮಾಲೀಕರಿಂದ ಮೂರು ಕಾಗದ ಮೊದಲೇ ಕೇಳಿ ಇಟ್ಟುಕೊಳ್ಳಿ: ಖಾತಾ ನಕಲು, ಆ ಸಾಲಿನ ಕಂದಾಯ ಕಟ್ಟಿದ ರಸೀದಿ, ಅಂಗಡಿ ನಡೆಸಲು ಒಪ್ಪಿಗೆ ಪತ್ರ. ಮನೆಯ ಮುಂಭಾಗವನ್ನು ಅಂಗಡಿ ಮಾಡಿ ಬಾಡಿಗೆಗೆ ಕೊಟ್ಟವರು ಕುವೆಂಪುನಗರ, ಸರಸ್ವತಿಪುರಂ ಕಡೆ ಬೇಕಾದಷ್ಟು ಜನ. ವಾಣಿಜ್ಯ ಬಳಕೆ ಎಂದು ದಾಖಲಾದರೆ ಕಂದಾಯ ಏರುತ್ತದೆ ಎಂದು ಅವರು ಒಪ್ಪಿಗೆ ಪತ್ರಕ್ಕೆ ಹಿಂದೆಮುಂದೆ ನೋಡುತ್ತಾರೆ. ಅಡ್ವಾನ್ಸ್ ಕೊಟ್ಟ ಮೇಲೆ ಈ ಚರ್ಚೆ ಮಾಡಿದರೆ ನಿಮ್ಮ ಕೈ ಕಟ್ಟಿಹೋಗಿರುತ್ತದೆ. ಏರುವ ಕಂದಾಯ ಯಾರು ಕಟ್ಟುವುದು ಎಂಬುದನ್ನು ಕರಾರಿನಲ್ಲೇ ಒಂದು ಸಾಲು ಬರೆಸಿಬಿಡಿ, ಮಾತು ಮುಗಿಯುತ್ತದೆ.

ಕರೆಂಟ್ ವಿಚಾರ ಎರಡನೆಯದು. ಅಂಗಡಿಗೆ ಚೆಸ್ಕಾಂನ ಎಲ್‌ಟಿ-3 ದರದ, ಅಂದರೆ ವಾಣಿಜ್ಯ ಮೀಟರ್ ಇರಬೇಕು. ಮನೆಯ ಮೀಟರಿನಿಂದ ಒಂದು ವೈರ್ ಎಳೆದು ಸಲೂನ್ ನಡೆಸಿದರೆ ಅದು ದುರ್ಬಳಕೆ. ತಪಾಸಣೆಯಲ್ಲಿ ಸಿಕ್ಕರೆ ಹಿಂದಿನ ತಿಂಗಳುಗಳದ್ದೂ ಲೆಕ್ಕ ಹಾಕಿ ಬಿಲ್ ಬರುತ್ತದೆ. ಮನೆಗೆ ಗೃಹಜ್ಯೋತಿ ಇದ್ದರಂತೂ ಮಾಲೀಕರಿಗೂ ತಲೆನೋವು. ಲೋಡ್ ಎಷ್ಟು ಕೇಳಬೇಕು ಎಂಬುದಕ್ಕೆ ನನ್ನ ಲೆಕ್ಕ ಹೀಗೆ: 15 ಲೀಟರ್ ಗೀಸರ್ 2 ಕಿಲೋವ್ಯಾಟ್, ಡ್ರೈಯರ್ ಒಂದು ಸುಮಾರು 2, ಒಂದೂವರೆ ಟನ್ ಎಸಿ 1.5ರಿಂದ 1.7, ಸ್ಟೀಮರ್ ಮುಕ್ಕಾಲು, ದೀಪ, ಫ್ಯಾನು, ಟ್ರಿಮ್ಮರ್ ಚಾರ್ಜರ್ ಎಲ್ಲ ಸೇರಿ ಅರ್ಧ. ಕೂಡಿದರೆ 7ರ ಹತ್ತಿರ. ಎಲ್ಲವೂ ಒಟ್ಟಿಗೆ ಓಡುವುದಿಲ್ಲವಾದ್ದರಿಂದ ಎರಡು ಕುರ್ಚಿಯ ಅಂಗಡಿಗೆ 5 ಕಿಲೋವ್ಯಾಟ್ ಸಾಕು. ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ತಂತಿ, ಡ್ರೈಯರ್ ಪಾಯಿಂಟಿಗೆ 2.5, ದೀಪಕ್ಕೆ 1.5. ತಲೆ ತೊಳೆಯುವ ಬೇಸಿನ್ ಹತ್ತಿರದ ಪ್ಲಗ್ಗುಗಳಿಗೆ 30 ಮಿಲಿಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು ಹಾಕಿಸಲೇಬೇಕು. ಒದ್ದೆ ಕೈ, ಒದ್ದೆ ತಲೆ, ಡ್ರೈಯರ್ ಮೂರೂ ಒಂದೇ ಕಡೆ ಇರುತ್ತವೆ, ಮರೆಯಬೇಡಿ.

ಉದ್ಯಮ್ ನೋಂದಣಿಯನ್ನು, ಅಂದರೆ ಕೇಂದ್ರ ಸರ್ಕಾರದಲ್ಲಿ ಸಣ್ಣ ಉದ್ಯಮ ಎಂದು ದಾಖಲಾಗುವುದನ್ನು, ಲೈಸೆನ್ಸ್‌ಗಿಂತ ಮುಂಚೆಯೇ ಮುಗಿಸಿಕೊಳ್ಳಬಹುದು. ಆಧಾರ್, ಪ್ಯಾನ್ ಸಾಕು; ಸರ್ಕಾರಕ್ಕೆ ಒಂದು ಪೈಸೆ ಕಟ್ಟುವಂತಿಲ್ಲ. ದುಡ್ಡು ಕೇಳುವ ವೆಬ್‌ಸೈಟು ಬಂದರೆ ಅದು ಏಜೆಂಟರದ್ದು, ಮುಚ್ಚಿಬಿಡಿ. ಚಟುವಟಿಕೆ ಕೋಡ್ ಕೇಳುವಲ್ಲಿ 96020, ಅದು ಕೇಶ ವಿನ್ಯಾಸ ಮತ್ತು ಇತರ ಸೌಂದರ್ಯ ಚಿಕಿತ್ಸೆಯ ಸಂಖ್ಯೆ.

ಇನ್ನು ಮುಖ್ಯವಾದದ್ದು, ಪಾಲಿಕೆಯ ವ್ಯಾಪಾರ ಪರವಾನಗಿ. ಮೈಸೂರು ನಗರದೊಳಗೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ ಪ್ರಕಾರ, 353ನೇ ಕಲಮಿನಡಿ, ಲೈಸೆನ್ಸ್ ಕೊಡುತ್ತಾರೆ. ಪಾಲಿಕೆ ಇಲ್ಲದ ಊರುಗಳಲ್ಲಿ ನಗರಸಭೆ, ಪುರಸಭೆಗಳಿಗೆ 1964ರ ಕಾಯ್ದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗೆ 1993ರ ಕಾಯ್ದೆ. ಮಂಡ್ಯದ ನೂರಡಿ ರಸ್ತೆಯಲ್ಲಿ ಅಂಗಡಿ ಹಾಕುವವರಿಗೂ ಕೇಳುವ ಕಾಗದ ಹೆಚ್ಚುಕಡಿಮೆ ಇವೇ, ಕೌಂಟರ್ ಬೇರೆ. ಅರ್ಜಿ ನಿಮ್ಮ ವಾರ್ಡು ಸೇರುವ ವಲಯ ಕಚೇರಿಯ ಆರೋಗ್ಯ ಶಾಖೆಗೆ ಹೋಗುತ್ತದೆ, ಆರೋಗ್ಯ ನಿರೀಕ್ಷಕರು ಸ್ಥಳ ನೋಡಲು ಬರುತ್ತಾರೆ. ಅರ್ಜಿಗಳು ವಾಪಸ್ಸಾಗುವುದಕ್ಕೆ ದೊಡ್ಡ ಕಾರಣ ಹೆಸರಿನ ಹೊಂದಾಣಿಕೆ ಇಲ್ಲದಿರುವುದು. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್‌ನಲ್ಲಿ ಮುಂದೆ, ಕರಾರಿನಲ್ಲಿ ಇನಿಷಿಯಲ್ಲೇ ಇಲ್ಲ. ಇಂಥದ್ದು ಒಂದಿದ್ದರೂ ಫೈಲು ನಿಲ್ಲುತ್ತದೆ. ಎರಡನೆಯ ಕಾರಣ ಮಾಲೀಕರ ಕಂದಾಯ ಬಾಕಿ. ಅದಕ್ಕೇ ರಸೀದಿ ಮೊದಲೇ ಕೇಳಿ ಎಂದದ್ದು.

ಲೈಸೆನ್ಸ್ ಅವಧಿ ಏಪ್ರಿಲ್ 1ರಿಂದ ಮಾರ್ಚ್ 31. ಜನವರಿಯಲ್ಲಿ ಅಂಗಡಿ ತೆರೆದರೂ ಮಾರ್ಚ್ ಕೊನೆಗೆ ಅದು ಮುಗಿಯುತ್ತದೆ. ಆದ್ದರಿಂದ ನವೀಕರಣವನ್ನು ನಾನು ಫೆಬ್ರವರಿಯ ಮೊದಲ ವಾರಕ್ಕೇ ಇಟ್ಟುಕೊಂಡಿದ್ದೇನೆ. ಅವಧಿ ಮೀರಿದರೆ ದಂಡ ಬೀಳುತ್ತದೆ, ಮಾರ್ಚ್ ಕೊನೆಯಲ್ಲಿ ಕಚೇರಿಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ.

ಬೋರ್ಡು ಬರೆಸುವ ಮುಂಚೆ ಕಾನೂನು ನೋಡಿಕೊಳ್ಳಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಆ ಕನ್ನಡ ಫಲಕದ ಮೇಲ್ಭಾಗದಲ್ಲೇ ಇರಬೇಕು. ಫ್ಲೆಕ್ಸ್ ಅಂಗಡಿಯವರು ದೊಡ್ಡ ಇಂಗ್ಲಿಷ್ ಅಕ್ಷರದ ಕೆಳಗೆ ಸಣ್ಣದಾಗಿ ಕನ್ನಡ ಹಾಕಿ ಡಿಸೈನ್ ತೋರಿಸುತ್ತಾರೆ. ಒಪ್ಪಬೇಡಿ, ಮತ್ತೆ ಬರೆಸುವ ಖರ್ಚು ನಿಮ್ಮದು. ಬೋರ್ಡಿನ ಮೇಲೆ 'ಕ್ಲಿನಿಕ್' ಎಂಬ ಪದವಂತೂ ಬೇಡವೇ ಬೇಡ. ಯಾಕೆಂದು ಮುಂದೆ ಹೇಳುತ್ತೇನೆ.

ಅಂಗಡಿ ಶುರುವಾದ 30 ದಿನದೊಳಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಆಗಬೇಕು. ಇ-ಕಾರ್ಮಿಕ ಜಾಲತಾಣದಲ್ಲಿ ಮಾಡಬಹುದು, ಪ್ರಮಾಣಪತ್ರ ಐದು ವರ್ಷಕ್ಕೆ ಸಿಗುತ್ತದೆ. 'ನಾನೊಬ್ಬನೇ ಕೆಲಸ ಮಾಡೋದು, ನನಗ್ಯಾಕೆ?' ಎನ್ನುವವರಿಗೂ ಇದು ಅನ್ವಯ. ಶುಲ್ಕ ಮಾತ್ರ ಕೆಲಸಗಾರರ ಸಂಖ್ಯೆಯ ಮೇಲೆ ಏರುತ್ತದೆ.

ಪರ್ಸೆಂಟೇಜ್ ಮೇಲೆ ಕೆಲಸ ಮಾಡುವವರ ವಿಚಾರ ಇಲ್ಲೇ ಹೇಳಬೇಕು. ನಮ್ಮ ಕಸುಬಿನಲ್ಲಿ ಸಂಬಳಕ್ಕಿಂತ ಅರ್ಧಕ್ಕರ್ಧ ಲೆಕ್ಕವೇ ಹೆಚ್ಚು. ಹಾಗಾಗಿ 'ಅವರು ಪಾಲುದಾರರು, ಕೆಲಸಗಾರರಲ್ಲ' ಎಂದು ಮಾಲೀಕರು ವಾದ ಮಾಡುತ್ತಾರೆ. ಬಾಗಿಲು ತೆರೆಯುವ ಸಮಯ, ದರ, ರಜೆ ಎಲ್ಲವನ್ನೂ ನೀವೇ ನಿರ್ಧರಿಸಿದರೆ ಆ ವಾದ ನಿಲ್ಲುವುದು ಕಷ್ಟ. ಅವರನ್ನೂ ಹಾಜರಿ ಮತ್ತು ವೇತನದ ಪುಸ್ತಕದಲ್ಲಿ, ಅಂದರೆ ಫಾರಂ ಟಿಯಲ್ಲಿ ಬರೆದುಬಿಡುವುದು ಕ್ಷೇಮ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ನೇಮಕಾತಿ ಪತ್ರವನ್ನೂ ಕೊಡಬೇಕು. ಒಂದು ಹಾಳೆ ಸಾಕು: ಹೆಸರು, ಕೆಲಸ, ಪರ್ಸೆಂಟೇಜ್ ಎಷ್ಟು, ವಾರದ ರಜೆ ಯಾವತ್ತು. ಮಂಗಳವಾರ ಅಂಗಡಿ ಮುಚ್ಚುವುದು ನಮ್ಮಲ್ಲಿ ಮೊದಲಿಂದಲೂ ಬಂದ ರೂಢಿ. ಕಾಯ್ದೆ ಕೇಳುವ ವಾರದ ರಜೆಗೂ ಅದು ಸರಿಹೋಗುತ್ತದೆ. ಮಂಗಳವಾರವೂ ತೆರೆಯುವವರು ಪ್ರತಿಯೊಬ್ಬರಿಗೂ ಸರದಿಯಲ್ಲಿ ಒಂದೊಂದು ದಿನ ಬಿಡಬೇಕು, ಅದು ಪುಸ್ತಕದಲ್ಲಿ ಕಾಣಬೇಕು. ಹತ್ತು ಜನ ಆದರೆ ಇಎಸ್‌ಐ, ಇಪ್ಪತ್ತು ಆದರೆ ಪಿಎಫ್. ಸಣ್ಣ ಅಂಗಡಿಗಳಿಗೆ ಅವು ಬರುವುದಿಲ್ಲ.

14 ವರ್ಷದೊಳಗಿನ ಹುಡುಗರನ್ನು ಕೂದಲು ಗುಡಿಸಲು ಇಟ್ಟುಕೊಳ್ಳುವುದು ಅಪರಾಧ. ಸ್ವಂತ ಮಗ ಶಾಲೆ ಮುಗಿಸಿ ಬಂದು ಕೈಜೋಡಿಸಿದರೆ ಅದಕ್ಕೆ ವಿನಾಯಿತಿ ಇದೆ. 'ಊರಿಂದ ಬಂದ ನೆಂಟರ ಹುಡುಗ' ಎಂದು ಹೇಳಿ ದಿನವಿಡೀ ನಿಲ್ಲಿಸಿಕೊಂಡರೆ ಆ ವಿನಾಯಿತಿ ಉಳಿಸುವುದಿಲ್ಲ.

ಜಾತಿ ನೋಡಿ ಕುರ್ಚಿ ಕೊಡದಿರುವುದೂ ಅಪರಾಧವೇ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದರೆ 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯ ಪ್ರಕಾರ ಜೈಲು ಇದೆ. ಹಳ್ಳಿಗಳಲ್ಲಿ ಕ್ಷೌರಿಕನ ಮೇಲೆ ಊರಿನವರ ಒತ್ತಡ ಇರುತ್ತದೆ, ನಿಜ. ಆದರೆ ಕೇಸು ಆಗುವುದು ಕುರ್ಚಿ ಕೊಡದವನ ಮೇಲೆ. ಒತ್ತಡ ಬಂದರೆ ತಹಶೀಲ್ದಾರರಿಗೆ ಬರೆದು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳುವುದು ಕೆಲಸಕ್ಕೆ ಬರುತ್ತದೆ.

ಜಿಎಸ್‌ಟಿ ಬಗ್ಗೆ ಅಂಗಡಿಗಳಲ್ಲಿ ಗಾಬರಿ ಜಾಸ್ತಿ. ಸೇವೆಗೆ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ. ಮಂಗಳವಾರ ಬಿಟ್ಟು 313 ದಿನ ಅಂಗಡಿ ತೆರೆದರೆ ದಿನಕ್ಕೆ ಸುಮಾರು 6,400 ರೂಪಾಯಿ ಗಲ್ಲಕ್ಕೆ ಬಿದ್ದಾಗ ಆ ಮಿತಿ ಮುಟ್ಟುತ್ತೀರಿ. ಎರಡು ಕುರ್ಚಿಯ ಅಂಗಡಿಗೆ ಅದು ಸುಲಭವಲ್ಲ, ನಾಲ್ಕು ಕುರ್ಚಿ ಮತ್ತು ಫೇಶಿಯಲ್ ಇದ್ದರೆ ಸಾಧ್ಯ. ಒಂದೇ ಪ್ಯಾನ್‌ನಲ್ಲಿ ಎರಡು ಅಂಗಡಿ ಇದ್ದರೆ ಎರಡನ್ನೂ ಕೂಡಬೇಕು, ಶಾಂಪೂ ಮಾರಿದ್ದೂ ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗೆ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಆದರೆ ಕುರ್ಚಿ, ಎಸಿ, ಕ್ರೀಮು ಕೊಂಡಾಗ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ, ಅದು ಖರ್ಚಿನ ಲೆಕ್ಕಕ್ಕೇ ಹೋಗುತ್ತದೆ. ಸೇವೆಯವರ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಸ್ಕೀಮ್‌ನ ದರ ಶೇ. 6, ಹಾಗಾಗಿ ಈಗ ಅದರಲ್ಲಿ ಸಲೂನಿನವರಿಗೆ ದರದ ಲಾಭವಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಅಂಗಡಿಯ ಕ್ಯೂಆರ್ ಕೋಡಿಗೆ ಚೀಟಿ ದುಡ್ಡು, ಕೈಸಾಲ, ನೆಂಟರು ಕಳಿಸಿದ್ದು ಯಾವುದೂ ಬರಬಾರದು. ಅದಕ್ಕೆ ಬೇರೆ ಖಾತೆ ಇಡಿ.

ಬಂಡವಾಳಕ್ಕೆ ಪಿಎಂ ವಿಶ್ವಕರ್ಮ ಯೋಜನೆ ಕ್ಷೌರಿಕರಿಗೂ ಇದೆ, ಅದರ 18 ಕಸುಬುಗಳಲ್ಲಿ ನಮ್ಮದೂ ಒಂದು. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯ ಇ-ವೋಚರ್, ಶೇ. 5 ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಇಲ್ಲಿ ಸಿಗುವ ಪ್ರಮಾಣಪತ್ರವನ್ನು ಗೋಡೆಗೆ ಹಾಕಿ, ಗಿರಾಕಿಗೆ ನಂಬಿಕೆ ಬರುತ್ತದೆ. ಆದರೆ ಅದು ಅಂಗಡಿ ಲೈಸೆನ್ಸ್‌ಗೆ ಬದಲಿಯಲ್ಲ.

ಬ್ಲೇಡು, ಮಷೀನು, ಟವೆಲ್ಲು

ನಿರೀಕ್ಷಕರು ಬಂದಾಗ ಸಾಮಾನ್ಯವಾಗಿ ನೋಡುವುದು ನೀರು, ಚರಂಡಿ, ಗಾಳಿ ಬೆಳಕು, ಕಸದ ಡಬ್ಬ. ರೋಗ ಹರಡುವುದು ಅವರು ನೋಡದ ಜಾಗಗಳಿಂದ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ, ಮೇಜಿನ ಮೇಲೆ, ಕನಿಷ್ಠ ಏಳು ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು.

ಅಸ್ತ್ರಕ್ಕೆ, ಅಂದರೆ ರೇಜರಿಗೆ, ಪ್ರತಿ ಗಿರಾಕಿಗೂ ಹೊಸ ಅರ್ಧ ಬ್ಲೇಡು, ಅದೂ ಅವರ ಕಣ್ಣೆದುರೇ ಬಿಚ್ಚಿದ್ದು. ಇದನ್ನು ಈಗ ಬಹಳ ಕಡೆ ಮಾಡುತ್ತಾರೆ. ಆದರೆ ಬ್ಲೇಡು ಕೂರಿಸುವ ಹಿಡಿಕೆಯನ್ನು ಯಾರೂ ತೊಳೆಯುವುದಿಲ್ಲ. ನೊರೆ, ಕೂದಲು, ರಕ್ತ ಮೂರೂ ಆ ಸಂದಿಯಲ್ಲಿ ಸೇರಿರುತ್ತವೆ. ಹೊಸ ಬ್ಲೇಡು ಅದಕ್ಕೇ ತಗುಲಿಕೊಂಡು ಮುಖಕ್ಕೆ ಹೋಗುತ್ತದೆ. ಕುರ್ಚಿಗೆ ಕನಿಷ್ಠ ಮೂರು ಹಿಡಿಕೆ, ಮೂರು ಕತ್ತರಿ, ಮೂರು ಬಾಚಣಿಗೆ ಬೇಕು. ಲೆಕ್ಕ ಸರಳ: ಒಂದು ಕಟಿಂಗ್‌ಗೆ ಇಪ್ಪತ್ತೈದು ನಿಮಿಷ, ತೊಳೆದು ನೆನೆಸಿ ಒರೆಸಲು ಹದಿನೈದು ನಿಮಿಷ. ಒಂದು ಕೈಯಲ್ಲಿ, ಒಂದು ದ್ರಾವಣದಲ್ಲಿ, ಒಂದು ಒಣಗುತ್ತಾ ಇರಬೇಕು. ಎರಡೇ ಇಟ್ಟುಕೊಂಡರೆ ಭಾನುವಾರ ಬೆಳಿಗ್ಗೆ ಬೆಂಚು ತುಂಬಿದಾಗ ನೆನೆಸುವುದನ್ನೇ ಬಿಟ್ಟುಬಿಡುತ್ತೀರಿ.

ನೆನೆಸುವ ಮುಂಚೆ ಸೋಪು ನೀರಿನಲ್ಲಿ ಬ್ರಷ್ ಹಾಕಿ ತೊಳೆಯಲೇಬೇಕು. ಎಣ್ಣೆ, ಕೂದಲಿನ ಚೂರು ಅಂಟಿಕೊಂಡಿದ್ದರೆ ಔಷಧಿ ಲೋಹಕ್ಕೆ ತಾಗುವುದೇ ಇಲ್ಲ. ಸ್ಟೀಲಿನ ಸಾಮಾನಿಗೆ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಕ್ವಾಟರ್ನರಿ ಅಮೋನಿಯಂ ದ್ರಾವಣ ಒಳ್ಳೆಯದು. ಎರಡನೆಯದನ್ನು ಬಾಟಲಿ ಮೇಲೆ ಬರೆದ ಅಳತೆಗೇ ಕಲಸಿ, ಪೂರ್ತಿ ಮುಳುಗಿಸಿ, 10 ನಿಮಿಷ ಬಿಡಬೇಕು. ಆಲ್ಕೋಹಾಲ್ ಬೆಂಕಿಗೆ ಹತ್ತುವ ವಸ್ತು, ವ್ಯಾಕ್ಸ್ ಹೀಟರ್ ಪಕ್ಕ ಇಡಬೇಡಿ.

ರಕ್ತ ತಾಗಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಅಗ್ಗ ಮತ್ತು ಖಚಿತ. ಅದರಲ್ಲಿ ಕ್ಲೋರಿನ್ ಸುಮಾರು ಶೇ. 33 ಇರುತ್ತದೆ ಎಂದಿಟ್ಟುಕೊಂಡರೆ ಒಂದು ಲೀಟರ್ ನೀರಿಗೆ 15 ಗ್ರಾಂ ಹಾಕಿದಾಗ ಶೇ. 0.5ರ ದ್ರಾವಣ ಸಿಗುತ್ತದೆ. ಬಾಟಲಿಯಲ್ಲಿ ಬರುವ ಶೇ. 5ರ ಹೈಪೋಕ್ಲೋರೈಟ್ ಆದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು. 10 ನಿಮಿಷ ಬಿಟ್ಟು ನೀರಿನಲ್ಲಿ ತೊಳೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಕತ್ತರಿಯ ಬಾಯಿಗೆ ತುಕ್ಕು ಹಿಡಿಯುತ್ತದೆ. ಪ್ರತಿದಿನ ಹೊಸದಾಗಿ ಕಲಸಬೇಕು, ನಿನ್ನೆಯದಕ್ಕೆ ಶಕ್ತಿ ಇಳಿದಿರುತ್ತದೆ. ಬಾಯಿ ತೆರೆದಿಟ್ಟ ಪೌಡರ್ ಪೊಟ್ಟಣವೂ ಹಾಗೆಯೇ. ಇದನ್ನು ಟಾಯ್ಲೆಟ್ ಕ್ಲೀನರ್ ಜೊತೆಗಾಗಲಿ, ಅಮೋನಿಯಾ ಇರುವ ಡೈ ಅಥವಾ ಬ್ಲೀಚ್ ಕ್ರೀಮಿನ ಉಳಿಕೆ ಜೊತೆಗಾಗಲಿ ಒಂದೇ ಬಕೆಟ್ಟಿಗೆ ಸುರಿಯಬೇಡಿ. ವಿಷಾನಿಲ ಏಳುತ್ತದೆ, ಹತ್ತಡಿ ಕೋಣೆಯಲ್ಲಿ ಅದು ತಮಾಷೆಯಲ್ಲ.

ನೀಲಿ ದೀಪದ ಯುವಿ ಪೆಟ್ಟಿಗೆಯನ್ನು ಸ್ಟೆರಿಲೈಸರ್ ಎಂದು ಮಾರುತ್ತಾರೆ. ಬೆಳಕು ಬಿದ್ದ ಮೇಲ್ಮೈಗೆ ಮಾತ್ರ ಅದರ ಕೆಲಸ. ಬಾಚಣಿಗೆಯ ಹಲ್ಲಿನ ಸಂದಿ, ಕತ್ತರಿ ಕೂಡುವ ಜಾಗ, ಒಂದರ ಮೇಲೊಂದು ಬಿದ್ದ ಸಾಮಾನು, ಇಲ್ಲೆಲ್ಲ ನೆರಳು. ತೊಳೆದು ಶುದ್ಧ ಮಾಡಿದ್ದನ್ನು ಧೂಳಿಲ್ಲದೆ ಇಡುವ ಕಪಾಟಾಗಿ ಬಳಸಿ, ಅಷ್ಟೇ.

ಟ್ರಿಮ್ಮರ್ ಈಗ ಬ್ಲೇಡಿಗಿಂತ ಅಪಾಯ ಎಂಬುದು ನನ್ನ ಅಭಿಪ್ರಾಯ. ಫೇಡ್ ಮಾಡುವಾಗ, ಅಂದರೆ ಕತ್ತಿನ ಕಡೆಗೆ ಕೂದಲನ್ನು ಸಣ್ಣ ಮಾಡುತ್ತಾ ಹೋಗುವಾಗ, ಜೀರೋ ಗ್ಯಾಪ್ ಇಟ್ಟು ಚರ್ಮಕ್ಕೆ ಒತ್ತಿ ಹಿಡಿಯುತ್ತಾರೆ, ಸಣ್ಣ ಸಣ್ಣ ಗೀರು ಬೀಳುತ್ತವೆ. ಅದೇ ಮಷೀನು ಒರೆಸದೆ ಮುಂದಿನವರ ಕತ್ತಿಗೆ ಹೋಗುತ್ತದೆ. ಹುಳುಕಡ್ಡಿ, ಕೂದಲ ಬುಡದ ಕೀವುಗುಳ್ಳೆ ಹರಡುವುದು ಹೀಗೆ. ಪ್ರತಿ ಗಿರಾಕಿ ಆದ ಮೇಲೆ ಮಷೀನು ಆಫ್ ಮಾಡಿ, ಬ್ರಷ್‌ನಿಂದ ಕೂದಲು ತೆಗೆದು, ಬ್ಲೇಡಿಗೆ ಆಲ್ಕೋಹಾಲ್ ಸ್ಪ್ರೇ ಹೊಡೆದು, ತಾನಾಗಿ ಆರಲು ಬಿಡಿ. ಬಟ್ಟೆಯಲ್ಲಿ ತಕ್ಷಣ ಒರೆಸಿದರೆ ಸ್ಪ್ರೇ ಹೊಡೆದದ್ದು ವ್ಯರ್ಥ. ರಾತ್ರಿ ಬ್ಲೇಡು ಬಿಚ್ಚಿ ತೊಳೆದು ಎರಡು ಹನಿ ಎಣ್ಣೆ. ಎಣ್ಣೆ ಸವೆತಕ್ಕೆ, ಕ್ರಿಮಿಗಲ್ಲ.

ಕತ್ತು ಒರೆಸುವ ಪೌಡರ್ ಬ್ರಷ್ ಒಂದೇ ಇಡೀ ದಿನ ಎಲ್ಲರ ಕತ್ತಿನ ಮೇಲೆ ಓಡಾಡುತ್ತದೆ. ಅದನ್ನು ತೆಗೆದುಹಾಕಿ ಟಿಶ್ಯೂ ಬಳಸುವುದೇ ಸುಲಭ. ಪಟಿಕವನ್ನೂ ಹಾಗೆ ಮುಖದಿಂದ ಮುಖಕ್ಕೆ ಉಜ್ಜಬಾರದು. 100 ಮಿಲಿಲೀಟರ್ ಕುದಿಸಿ ಆರಿಸಿದ ನೀರಿಗೆ 5 ಗ್ರಾಂ ಪಟಿಕದ ಪುಡಿ ಕರಗಿಸಿ ಸ್ಪ್ರೇ ಬಾಟಲಿಗೆ ಹಾಕಿದರೆ ಅದೇ ಕೆಲಸ ಆಗುತ್ತದೆ. ಬಟ್ಟೆ ಹೊದಿಸುವ ಮುಂಚೆ ಕತ್ತಿಗೆ ನೆಕ್ ಪೇಪರ್. ಟವೆಲ್ ಒಬ್ಬರಿಗೆ ಒಂದು, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದ್ದು.

ಪಾರ್ಲರಿನವರಿಗೆ ಎರಡು ಮಾತು. ಥ್ರೆಡ್ಡಿಂಗ್ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರೆ ಎಂಜಲು ಕಿತ್ತ ರೋಮದ ಬುಡಕ್ಕೇ ಇಳಿಯುತ್ತದೆ. ದಾರವನ್ನು ಕುತ್ತಿಗೆಗೆ ಕುಣಿಕೆ ಹಾಕಿಕೊಂಡು ಮಾಡುವುದನ್ನು ಹುಡುಗಿಯರು ಸ್ವಲ್ಪ ದಿನದಲ್ಲೇ ಕಲಿಯುತ್ತಾರೆ. ವ್ಯಾಕ್ಸ್ ಕಡ್ಡಿಯನ್ನು ಮೈಗೆ ಸವರಿ ಮತ್ತೆ ಡಬ್ಬಕ್ಕೆ ಅದ್ದಬಾರದು. ಬಿಸಿ ವ್ಯಾಕ್ಸಿನಲ್ಲಿ ಕ್ರಿಮಿ ಸಾಯುತ್ತದೆ ಎಂಬುದು ತಪ್ಪು ನಂಬಿಕೆ. ಚರ್ಮ ಸುಡದಷ್ಟು ಬಿಸಿ ಕ್ರಿಮಿಯನ್ನೂ ಸುಡುವುದಿಲ್ಲ. ಬೇಕಾದಷ್ಟನ್ನು ಸಣ್ಣ ಬಟ್ಟಲಿಗೆ ತೆಗೆದುಕೊಂಡು, ಉಳಿದದ್ದನ್ನು ಎಸೆಯಿರಿ.

ಕಸಕ್ಕೆ ಬಂದರೆ, ಬಳಸಿದ ಬ್ಲೇಡುಗಳಿಗೆ ಖಾಲಿ ಅಡುಗೆ ಎಣ್ಣೆಯ 5 ಲೀಟರ್ ಕ್ಯಾನು ಸಾಕು. ಮುಚ್ಚಳ ಬಿಗಿದು, ಪಕ್ಕದಲ್ಲಿ ಬ್ಲೇಡು ತೂರುವಷ್ಟು ಸೀಳು ಮಾಡಿ. ಮುಕ್ಕಾಲು ತುಂಬಿದಾಗ ಸೀಳಿಗೆ ಎಂ-ಸೀಲ್ ಮೆತ್ತಿ, ಮೇಲೆ ದೊಡ್ಡದಾಗಿ 'ಬ್ಲೇಡು' ಎಂದು ಬರೆದು, ಗಾಡಿ ಬಂದಾಗ ಪೌರಕಾರ್ಮಿಕರ ಕೈಗೆ ಹೇಳಿಯೇ ಕೊಡಿ. ಪೇಪರಿನಲ್ಲಿ ಸುತ್ತಿ ಕಸದ ಚೀಲಕ್ಕೆ ಹಾಕಿದರೆ ಕಸ ವಿಂಗಡಿಸುವಾಗ ಕೊಯ್ಯುವುದು ಅವರ ಕೈ. ಕೂದಲನ್ನು ಹಸಿ ಕಸಕ್ಕೆ ಹಾಕಬೇಡಿ, ಗೊಬ್ಬರವಾಗಲು ಅದಕ್ಕೆ ಬಹಳ ಕಾಲ ಬೇಕು. ಬೇರೆ ಚೀಲದಲ್ಲಿ ಕಟ್ಟಿ ಒಣ ಕಸದ ಜೊತೆ ಕೊಡಿ. ಬೇಸಿನ್ನಿನ ಕೆಳಗೆ ಸ್ಟೀಲ್ ಜಾಲರಿಯ ಬುಟ್ಟಿ ಇಲ್ಲದಿದ್ದರೆ ಕೂದಲೂ ಕಂಡೀಷನರೂ ಸೇರಿ ಒಳಚರಂಡಿ ಕಟ್ಟುತ್ತದೆ, ಮೊದಲ ದೂರು ಮೇಲಿನ ಮನೆಯವರಿಂದಲೇ ಬರುತ್ತದೆ.

ಡೈ, ಕ್ರೀಮು, ಮತ್ತು ಮುಟ್ಟಬಾರದ ಕೆಲಸಗಳು

ಬಳಸುವ ಸಾಮಗ್ರಿಗೆ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ, 2020ರ ಕಾಂತಿವರ್ಧಕ ನಿಯಮಗಳು ಅನ್ವಯಿಸುತ್ತವೆ. ಕೊಳ್ಳುವಾಗ ಲೇಬಲ್ಲಿನಲ್ಲಿ ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆ ದಿನಾಂಕ ನೋಡಿ. ವಿದೇಶಿ ಮಾಲಾದರೆ ಆಮದುದಾರರ ಹೆಸರು ಮತ್ತು ನೋಂದಣಿ ಸಂಖ್ಯೆ ಇರಬೇಕು. ಇವಿಲ್ಲದ, ಏಳು ದಿನದಲ್ಲಿ ಬಿಳುಪು ಎನ್ನುವ ಡಬ್ಬಗಳಲ್ಲಿ ಪಾದರಸ ಇರುವ ಸಂಭವ ಹೆಚ್ಚು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಇಂಥ ಕ್ರೀಮು ಹಚ್ಚಿದವರಲ್ಲಿ ಕಿಡ್ನಿ ಕಾಯಿಲೆ ಕಂಡುಬಂದಿತ್ತು. ಬಿಲ್ ಕೊಡದ ಸಪ್ಲೈಯರ್ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ನಾಳೆ ಗಿರಾಕಿ ಗ್ರಾಹಕರ ಆಯೋಗಕ್ಕೆ ಹೋದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಆ ಬಿಲ್ಲೊಂದೇ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ, ಯಾರು ಬೇಕಾದರೂ ಹೋಗಬಹುದು.

ಕಪ್ಪು ಡೈಯಲ್ಲಿ ಪ್ಯಾರಾಫಿನೈಲಿನ್ ಡೈಅಮೀನ್ ಇದ್ದರೆ ಎಚ್ಚರಿಕೆ ಮುದ್ರಿಸುವುದು ಕಡ್ಡಾಯ: ಮೊದಲು ಪರೀಕ್ಷಿಸಿ ನೋಡಬೇಕು, ಹುಬ್ಬು ರೆಪ್ಪೆಗೆ ಹಚ್ಚಬಾರದು, ಕಣ್ಣು ಹೋಗಬಹುದು. ಆದರೂ ಮೀಸೆಗೆ ಹಚ್ಚಿದ ಕೈಯಲ್ಲೇ ಹುಬ್ಬಿಗೂ ಎಳೆಯುವುದನ್ನು ದಿನಾ ನೋಡುತ್ತೇವೆ. ಪರೀಕ್ಷೆ ಹೀಗೆ: ಕಿವಿಯ ಹಿಂದೆ ಸೋಪಿನಿಂದ ತೊಳೆದು, ಕಲಸಿದ ಡೈಯನ್ನು ಕಾಳಿನಷ್ಟು ಹಚ್ಚಿ ಒಣಗಲು ಬಿಡುವುದು. ಲೇಬಲ್ 24 ಗಂಟೆ ಎನ್ನುತ್ತದೆ. ಅಲರ್ಜಿ ಎರಡನೇ ದಿನ ಏಳುವುದೂ ಇರುವುದರಿಂದ ನಾನು 48 ಗಂಟೆ ಕಾಯಿಸುತ್ತೇನೆ. 'ಸಾಯಂಕಾಲ ಮದುವೆ ಇದೆ, ಈಗ್ಲೇ ಹಚ್ಚಿ' ಎನ್ನುವವರಿಗೆ ಹಿಂದೆ ಅದೇ ಕಂಪನಿಯ ಡೈ ಹಚ್ಚಿದ ದಾಖಲೆ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಹಿಂದೆ ಕಪ್ಪು ಮೆಹೆಂದಿಯಿಂದ ಗುಳ್ಳೆ ಎದ್ದಿತ್ತೇ ಎಂದು ಕೇಳಿ. ಎದ್ದಿದ್ದರೆ ಈ ಡೈ ಮುಟ್ಟಲೇಬಾರದು. ಗಿರಾಕಿಗೊಂದು ಕಾರ್ಡು ಇಟ್ಟು ಅದರಲ್ಲಿ ಬರೆಯಬೇಕಾದ್ದು ಹೆಸರು, ದಿನಾಂಕ, ಡೈಯ ಬ್ಯಾಚ್, ಪರೀಕ್ಷೆಯ ಫಲ, ಸಹಿ.

ಕೂದಲು ನೇರ ಮಾಡುವ ಕೆರಾಟಿನ್ ಕೆಲಸದಲ್ಲಿ ಐರನ್ ಬಿಸಿಗೆ ಫಾರ್ಮಾಲ್ಡಿಹೈಡ್ ಹೊಗೆ ಏಳುತ್ತದೆ. ಗಿರಾಕಿ ವರ್ಷಕ್ಕೆರಡು ಸಲ ಉಸಿರಾಡಿದರೆ, ಮಾಡುವವರು ವಾರಕ್ಕೆ ನಾಲ್ಕು ಸಲ. ಬಾಗಿಲು ತೆರೆದು, ಎಕ್ಸಾಸ್ಟ್ ಹಾಕಿ, ಎಸಿ ಆಫ್ ಮಾಡಿ. 'ಫಾರ್ಮಾಲಿನ್ ಇಲ್ಲ' ಎಂದು ಬರೆದ ಬಾಟಲಿಗಳಲ್ಲಿ ಬಹುಪಾಲು ಗ್ಲೈಆಕ್ಸಿಲಿಕ್ ಆಮ್ಲ ಇರುತ್ತದೆ. ಅದರಿಂದಲೂ ಕಿಡ್ನಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ನೆತ್ತಿಯ ಚರ್ಮದಿಂದ ಅರ್ಧ ಇಂಚು ಬಿಟ್ಟೇ ಹಚ್ಚಬೇಕು.

'ಕ್ಲಿನಿಕ್' ಪದ ಬೇಡ ಎಂದಿದ್ದೆನಲ್ಲ. ಬೋಟಾಕ್ಸ್, ಫಿಲ್ಲರ್, ಮೈ ಬಿಳುಪಿಗೆಂದು ಹಾಕುವ ಗ್ಲುಟಾಥಿಯೋನ್ ಡ್ರಿಪ್, ಸ್ವಂತ ರಕ್ತದ ಅಂಶ ಚುಚ್ಚುವ ಪಿಆರ್‌ಪಿ, ಕೂದಲು ಕಸಿ ಇವೆಲ್ಲ ವೈದ್ಯರ ಕೆಲಸ. ಇದನ್ನು ಮಾಡುವ ಜಾಗಕ್ಕೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇಯಲ್ಲಿ ಪ್ರತ್ಯೇಕ ನೋಂದಣಿ ಬೇಕು. ನಾಲ್ಕು ತಿಂಗಳ ಕೋರ್ಸಿನ ಸರ್ಟಿಫಿಕೇಟ್ ಗೋಡೆಗೆ ಹಾಕಿ, 'ಕಾಸ್ಮೆಟಾಲಜಿಸ್ಟ್' ಎಂದು ಬರೆದುಕೊಂಡು ಸೂಜಿ ಹಿಡಿಯುವುದು ನಕಲಿ ವೈದ್ಯರ ಕೇಸಿಗೆ ದಾರಿ. ಮಚ್ಚೆ, ನರುಳ್ಳೆ ಸುಡುವುದೂ ಬೇಡ. ಅದು ಸಾಮಾನ್ಯ ಮಚ್ಚೆಯೋ ಕ್ಯಾನ್ಸರೋ ಎಂದು ಹೇಳಲು ನಮಗೆ ಬರುವುದಿಲ್ಲ. ಸೂಜಿಗಳಿರುವ ಡರ್ಮಾ ಪೆನ್ ರಕ್ತ ಬರುವಷ್ಟು ಆಳಕ್ಕೆ ಹೋಗುತ್ತದೆ, ಅದನ್ನೂ ಇದೇ ಸಾಲಿಗೆ ಸೇರಿಸಿ.

ಇಷ್ಟೆಲ್ಲ ಮಾಡಿದರೂ ಕೊಯ್ತ ತಪ್ಪುವುದಿಲ್ಲ. ಗಿರಾಕಿಗೆ ಕೊಯ್ದರೆ ಕೈಗವಸು ಹಾಕಿ, ಹೊಸ ಹತ್ತಿಯಿಂದ ಒತ್ತಿ ಹಿಡಿದು, ಆ ಬ್ಲೇಡು ಕ್ಯಾನಿಗೆ, ಹತ್ತಿ ಬೇರೆ ಕವರಿಗೆ, ಕುರ್ಚಿಯ ಕೈಗೆ ಬ್ಲೀಚ್ ದ್ರಾವಣ. ಬಳಸಿದ ಬ್ಲೇಡು ನಿಮ್ಮ ಕೈಗೇ ಹೊಕ್ಕರೆ ಗಾಯವನ್ನು ಹಿಂಡಬೇಡಿ, ಬಾಯಲ್ಲಿ ಚೀಪಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನು ಮಾತ್ರ ಕೊಯ್ತ ಆಗುವವರೆಗೆ ಕಾಯಬೇಡಿ. ಹೊಸಬರು ಕೆಲಸಕ್ಕೆ ಸೇರಿದ ದಿನವೇ ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ದಿನಾಂಕಗಳನ್ನು ನಾನು ಹಾಜರಿ ಪುಸ್ತಕದಲ್ಲೇ ಅವರ ಹೆಸರಿನ ಮುಂದೆ ಬರೆದಿಡುತ್ತೇನೆ, ಖರ್ಚು ಅಂಗಡಿಯದು.